ಮೂರರಾಗ ಒಂದು

ಮಹಾಲಿಂಗಪುರದಿಂದ ಬರುಮುಂದ
ಓಮ್ನಿ ಬಿಕ್ಕಾಕ ಹತ್ತಿತು.
ಹಿಂದ ಇಪ್ಪತ್ತೆಂಟು ಗಂಟು ಸೀರಿ,
ಮುಂದ ನನಗ ನಾನ ಹೇಳಿಕೊಂಡ ಸುಳ್ಳು:
ಪೆಟ್ರೋಲಿನ್ಯಾಗ ಕಸ ಬಂದಿರಬೇಕು, ತಾನ ಹೋಗತೈತಿ.

ಹೋಗಲಿಲ್ಲ.
ಬನಹಟ್ಟಿ ಮುಟ್ಟೂತನಾ
ಡುಗ್ ಡುಗ್, ಒಂದು ಖಾಲಿ ಜಾಗ,
ಡುಗ್ ಡುಗ್, ಒಂದು ಖಾಲಿ ಜಾಗ,
ಹಲ್ಲು ಬಿದ್ದ ಹುಡುಗ ಮಗ್ಗಿ ಹೇಳಿದಂಗ.

ಮನಿ ಮುಂದ ನಿಲ್ಲಿಸಿ ಸೀಟು ಎತ್ತಿದ್ನಿ.
ಓಮ್ನಿಯ ಇಂಜಿನ್ನು ಡ್ರೈವರನ ಕುಂಡಿ ಕೆಳಗ ಇರತೈತಿ,
ಅದಕ ಅದರ ಜ್ವರ ಮೊದಲ ನಮಗ ಗೊತ್ತಾಗೂದು.
ಮೂರೂ ಪ್ಲಗ್ ಬಿಚ್ಚಿದ್ನಿ.
ಎರಡು ಬಿಸ್ಕೀಟಿನ ಬಣ್ಣ,
ಒಂದು ಕರ್ರಗ, ಹಸಿ, ಪೆಟ್ರೋಲಿನ ವಾಸನಿ.
ಮೂರನ್ನೂ ಒಂದ ಬಟ್ಟಲದಾಗ ಹಾಕಿ
ಯಾವುದು ಯಾವ ಮನೀದು ಅನ್ನೂದ ಮರತ್ನಿ.
ಹೊಸಾವ ತಂದು ಹಾಕಿದ್ನಿ. ಮತ್ತ ಅದ.
ಕಾರ್ಬೊರೇಟರ್ ಬಿಚ್ಚಿ ಪರಾತದಾಗ ಹರವಿದ್ನಿ,
ಜೋಡಸೂ ಮುಂದ ಒಂದು ಸ್ಪ್ರಿಂಗ್ ಹೆಚ್ಚಾತು
(ಅದಿನ್ನೂ ದೇವರ ಜಗಲಿ ಮ್ಯಾಲ ಐತಿ).
ಬಂಕಿನಾಂವಗ ಬೈದ್ನಿ.
ಗ್ಯಾರೇಜಿನ ರಾಜೇಸಾಬ ಫೋನಿನ್ಯಾಗ
"ಇಂಜಿನ್ ಇಳಸೂದ ಬರತೈತಿ ಕಾಕಾ" ಅಂದ.
ಇಳಸಿದ್ರ ಹದಿನೈದು ದಿನ.
ಸೀರಿ ಸಾಂಗ್ಲಿ ಮುಟ್ಟಬೇಕಾದ್ದು ಸೋಮವಾರ.

ಒಳಗ ಎರಡು ಮಗ್ಗ ಓಡಿಸಿಕೋಂತ
ತುಳಸವ್ವ ಕಿಟಕಿಯಿಂದ ಒಂದ ಮಾತು ಒಗದ್ಲು:
"ಯಾವುದು ದುಡಿಯೂದಿಲ್ಲ ನೋಡ್ರಿ ಮೊದಲ,
ಯಾಕ ದುಡಿಯೂದಿಲ್ಲ ಅನ್ನೂದು ಆಮ್ಯಾಲ."

ಕೈಗೆ ಸೈಕಲ್ ಟ್ಯೂಬು ಸುತ್ತಿಕೊಂಡು
ಓಡೂ ಇಂಜಿನ್ನಿನ ವೈರು ಒಂದೊಂದ ಕಿತ್ನಿ.
ಮೊದಲನೇದು ಕಿತ್ತರ ಮುಗ್ಗರಿಸಿತು. ಹಚ್ಚಿದ್ನಿ.
ಎರಡನೇದು ಕಿತ್ತರ ಸಾಯಾಕ ಬಂತು. ಹಚ್ಚಿದ್ನಿ.
ಮೂರನೇದು ಕಿತ್ತರ
ಏನೂ ಆಗಲಿಲ್ಲ.
ಇದ್ದಾಗೂ ಅಷ್ಟ, ಇಲ್ಲದಾಗೂ ಅಷ್ಟ,
ಲಗ್ನದ ಮನ್ಯಾಗ ನಮ್ಮ ಭಾವ ಇದ್ದಂಗ.

"ಮಗ್ಗಕ್ಕ ಮರ್ಯಾದಿ ಐತಿ," ಅಂದ್ಲು ಆಕಿ,
"ಹೊಕ್ಕಿನ ಎಳಿ ಹರದ್ರ ನಿಂತ ಬಿಡತೈತಿ.
ಇದು ಹರದರೂ ನೇಯ್ಕೋಂತ ಹೊಂಟೈತಿ."

ಪ್ಲಗ್ಗು ಹೊಸಾದು. ಪೆಟ್ರೋಲ್ ಬರತೈತಿ.
ವೈರು ಕಣ್ಣಿಗೆ ಗಟ್ಟಿ.
ಮತ್ಯಾಕ?

ಏಳೂವರಿಗೆ ಕರೆಂಟ್ ಹೋತು.
ಓಣಿಯ ಮಗ್ಗೆಲ್ಲ ಒಮ್ಮೆಲೇ ಬಾಯಿ ಮುಚ್ಚಿದುವು.
ಬನಹಟ್ಟಿ ಸುಮ್ಮನಾತಂದ್ರ ಯಾರೋ ಸತ್ತಂಗ;
ಮಂದಿ ಬಾಗಿಲಿಗೆ ಬಂದು ನಿಂತರು.
ಚಂದ್ರಿಲ್ಲ. ಟಾರ್ಚಿನ ಸೆಲ್ಲು ಮುಗದಿತ್ತು.
ಇಂಜಿನ್ ಬಂದ್ ಮಾಡಾಕ ಕೀಲಿ ತಡಕಾಡೂ ಮುಂದ
ತುಳಸವ್ವ ಹೊರಗ ಬಂದಾಕಿ ನನ್ನ ರಟ್ಟಿ ಹಿಡದ್ಲು:
"ತಡೀರಿ."

ಮೂರನೇ ವೈರು ಬಾಗಿ
ಕಬ್ಬಿಣಕ್ಕ ತಾಗಿದಲ್ಲೆ
ಒಂದು ನೀಲಿ ಎಳಿ.
ಸೂಜಿಗಿಂತ ಸಣ್ಣದು.
ಟಿಕ್. ಟಿಕ್.
ಪ್ಲಗ್ಗಿಗೆ ಹೋಗಬೇಕಾದ ಬೆಂಕಿ
ದಾರ್ಯಾಗ ಇಳದು ಹೊಂಟಿತ್ತು.

ಹಗಲೆಲ್ಲ ಅಲ್ಲೇ ಇತ್ತು ಅದು,
ನನ್ನ ಚಸಮಾದ ಮುಂದ.
ನಾಕು ದಿನ ನಾನು
ಬೆಳಕ ಹೆಚ್ಚು ಮಾಡಿ ಮಾಡಿ ಹುಡುಕಿದ್ನಿ.

ಇಬ್ಬರೂ ಬಗ್ಗಿ ನೋಡಿಕೋಂತ ನಿಂತಿವಿ.
ರಿಪೇರಿ ನೆನಪಾಗಲಿಲ್ಲ.
"ಇಂಥಾ ನೀಲಿ ಸೆರಗಿಗೆ ಸಿಗೂದಿಲ್ಲ ನೋಡ್ರಿ,"
ಅಂದ್ಲು ಆಕಿ, ಬಣ್ಣದ ಅಂಗಡ್ಯಾಗ ನಿಂತಂಗ.

ಇಂಜಿನ್ ಬಂದ್ ಮಾಡಿ, ಆರಾಕ ಬಿಟ್ಟು,
ಟ್ಯೂಬು ಕೊಯ್ದು ವೈರಿಗೆ ಸುತ್ತಿದ್ನಿ.
ಕಬ್ಬಿಣದಿಂದ ನಾಕು ಬೆರಳು ದೂರ ಎತ್ತಿ
ಆಕಿ ದಾರದಿಂದ ಕಟ್ಟಿದ್ಲು
ಕತ್ತಲದಾಗನ, ಹರದ ಎಳಿಗೆ ಹಾಕೂ ಅದ ಗಂಟು,
ಜಮಖಂಡಿಯಿಂದ ಹೊಸಾ ವೈರು ಬರೂತನಾ.

ಕೀಲಿ ತಿರುವಿದ್ನಿ. ಹತ್ತಿತು.
ಕಿವಿ ಕೊಡೂದ್ರಾಗ ಕರೆಂಟ್ ಬಂತು,
ಓಣಿ ತುಂಬ ಖಟಖಟ ಖಟಖಟ.
ಇಂಜಿನ್ ಕೇಳಸವಲ್ಲದು, ನೀಲಿ ಕಾಣವಲ್ಲದು.
ಸರಿ ಆಗೇತಿ ಅನ್ನೂದಾದರೂ ಹೆಂಗ?

ಆಕಿ ಚಾದ ಗ್ಲಾಸು ಪಕ್ಕದ ಸೀಟಿನ ಮ್ಯಾಲ ಇಟ್ಟು
ಒಳಗ ಹೋದ್ಲು. ಮಗ್ಗ ಕಾಯಾಕತ್ತಿದ್ವು.
ಚಾದ ಮ್ಯಾಲಿನ ಕೆನಿ
ಸಣ್ಣಗ ನಡಗತಿತ್ತು, ಒಂದ ಸವನ.
ಕುಡೀಲಿಲ್ಲ ನಾನು.
ಆರೂತನಾ ನೋಡಿದ್ನಿ.