ನೆಲದ ತಾಸುಗಳು

ಸರಡಗಿ ದಾರಿಯ ಹ್ಯಾಂಗರಿನಲ್ಲಿ
ಮೂಗು ಊರಿ ನಿಂತಿದೆ ತರಬೇತಿ ವಿಮಾನ.
ಪ್ರೊಪೆಲ್ಲರಿನ ಎರಡೂ ಅಲಗು
ಸುಟ್ಟ ಹಪ್ಪಳದ ಹಾಗೆ ಹಿಂದಕ್ಕೆ ಮುರುಟಿವೆ.
ಹುಮನಾಬಾದಿನ ಭುವನಾ ಮಠಪತಿ
ಒಬ್ಬಳೇ ಹಾರಿದ ನಾಲ್ಕನೇ ಸಲ,
ಗಾಲಿಗಿಂತ ಮೊದಲು ಮೂಗು ತಾಗಿಸಿದಳು.
ಹುಡುಗಿಗೆ ಗಾಯವಿಲ್ಲ.
ನನ್ನ ಫಾರಮಿನಲ್ಲಿ ಅದಕ್ಕೆ ಒಂದೇ ಗೆರೆ.

ನಾನು ಸರ್ವೇಯರ್.
ದಾಲ್ ಮಿಲ್ಲಿನ ಜರಡಿಯ ಕೆಲಸ ನನ್ನದು:
ಥಟ್ಟನೆ ಆದ ಹಾಳು ಒಂದು ಕಡೆ,
ದಿನಾ ಆಗುತ್ತ ಬಂದ ಹಾಳು ಒಂದು ಕಡೆ.
ಕ್ರ್ಯಾಂಕಿನ ಬಾಗು: ನಮ್ಮದು.
ಕ್ಯಾಮಿನ ಮೇಲಿನ ತುಕ್ಕಿನ ಚುಕ್ಕಿ: ನಮ್ಮದಲ್ಲ.

ಎರಡು ಸಾವಿರ ತಾಸು ಈ ಎಂಜಿನ್ನಿನ ಬಾಳಿಕೆ.
ಆಮೇಲೆ ಪೂರಾ ಬಿಚ್ಚಿ, ತೊಳೆದು,
ಹೊಸ ರಿಂಗು, ಹೊಸ ಬೇರಿಂಗು, ಇಪ್ಪತ್ತೆಂಟು ಲಕ್ಷ.
ಲಾಗ್ ಪುಸ್ತಕದ ಪ್ರಕಾರ
ಸಾವಿರದ ನಾನೂರ ಅರವತ್ತು ಮುಗಿದಿದೆ.
ನೂರಕ್ಕೆ ಎಪ್ಪತ್ಮೂರು ಪಾಲು
ಶಾಲೆಯವರು ಆಗಲೇ ಉಂಡು ಕೈ ತೊಳೆದಿದ್ದಾರೆ.
ಇಪ್ಪತ್ತೇಳು ಕಂಪನಿ ಕೊಡುತ್ತದೆ.
ಹಳೇ ಸೀರೆಗೆ ಹೊಸ ಪಾತ್ರೆ ಕೊಡುವವರಲ್ಲ ನಾವು.

"ಆವತ್ತು ಮುಂಜಾನಿತನಕ ಛಲೋ ಓಡ್ತಿತ್ತಲ್ರೀ!"
ಕ್ಯಾಪ್ಟನ್ ನಿಂಬರ್ಗಿ ಮೇಜು ಗುದ್ದಿದರು.
ಓಡುತ್ತಿತ್ತು.
ಓಡಿದ್ದಕ್ಕೇ ಲೆಕ್ಕ, ಕ್ಯಾಪ್ಟನ್.

ಆದರೆ ಪುಟ ತಿರುವುತ್ತ ಕಂಡೆ,
ಇಲಿಯಾಸ್ ಜಮಾದಾರನ ದುಂಡು ಅಕ್ಷರ:
ಆಯಿಲ್ ಬದಲಿಸಿದ ದಿನ, ನೆಲದ ಮೇಲೆ, ಇಪ್ಪತ್ತೈದು ನಿಮಿಷ.
ಮಳೆ ನಿಂತ ಮಾರನೇ ದಿನ, ನೆಲದ ಮೇಲೆ, ನಲವತ್ತು.
ಆರು ವರ್ಷ ಹೀಗೆಯೇ.
ಕೂಡಿಸಿದರೆ ಮೂವತ್ತೊಂದು ತಾಸು.

"ಇವನ್ನು ಬರೆಯಬೇಕಾಗಿರಲಿಲ್ಲ" ಅಂದೆ.
"ಗಾಲಿ ನೆಲ ಬಿಟ್ಟಲ್ಲಿಂದ ನೆಲ ಮುಟ್ಟುವ ತನಕ, ಅಷ್ಟೇ ತಾಸು."

ಹತ್ತಿ ಚಿಂದಿಯಲ್ಲಿ ಬೆರಳು ಒಂದೊಂದಾಗಿ ಒರೆಸಿಕೊಂಡ.
"ಎಂಜಿನ್ನಿಗೇನ್ ಗೊತ್ತ್ರೀ ಸರ,
ನೆಲ ಯಾವ್ದು, ಮುಗಿಲ್ ಯಾವ್ದು?
ತಿರಗ್ಯದ. ಬರ್ದೀನಿ."

ಕ್ಯಾಲ್ಕುಲೇಟರ್ ಒತ್ತಿದೆ.
ನಲವತ್ಮೂರು ಸಾವಿರದ ನಾನೂರು ರೂಪಾಯಿ.
ಕ್ಯಾಪ್ಟನ್ನರ ಸಿಟ್ಟು ನನ್ನ ಕಡೆಯಿಂದ ಎದ್ದು
ಇಲಿಯಾಸನ ಕಡೆ ಹೋಗಿ ಕೂತಿತು.
"ಆರು ವರ್ಷ ಪೆನ್ನಿನಿಂದ ನನ್ ರೊಕ್ಕ ತಿಂದಿಯಲ್ಲೋ!"

ನಿಯಮದಂತೆ ಕಳೆದೆ. ಸಾವಿರದ ನಾನೂರ ಇಪ್ಪತ್ತೊಂಬತ್ತು.
ಕೆಂಪು ಶಾಯಿ. ನನ್ನ ಸಹಿ. ದಿನಾಂಕ.
ಕ್ಯಾಪ್ಟನ್ ಚಹಾ ತರಿಸಿದರು.
ಇಲಿಯಾಸ್ ಕುಡಿಯಲಿಲ್ಲ, ರೋಜಾ ಇತ್ತೋ,
ಅಥವಾ ಸುಮ್ಮನೆಯೋ, ನಾನು ಕೇಳಲಿಲ್ಲ.

ಹೋಗುವ ಮುಂಚೆ ಬಾಗು ತೋರಿಸಲೆಂದು
ಸ್ಟ್ಯಾಂಡಿನ ಮೇಲಿನ ಶಾಫ್ಟಿಗೆ ಡಯಲ್ ಗೇಜು ಹಚ್ಚಿ
ಕೈಯಿಂದ ಮೆಲ್ಲಗೆ ತಿರುಗಿಸಿದ.
ಮುಳ್ಳು ಒಂದು ಕಡೆ ನಡುಗಿ ಏರಿತು, ಇಳಿಯಿತು.
"ಒಂದ್ ಸುತ್ತಾತು" ಎಂದು ತನಗೇ ಅಂದುಕೊಂಡು
ಕಿಸೆ ಮುಟ್ಟಿ ನೋಡಿಕೊಂಡ,
ಪೆನ್ನು ಎಲ್ಲಿ ಅಂತ.