ಹದಿನಾರು ಚೂರು

ಕುಂಬಳೆಯ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ.
ವಾಟ್ಸಾಪಿನಲ್ಲಿ ಬಂದ ಬೆರಳುಗುರಿನಷ್ಟು ಮುಖವನ್ನು
ಹತ್ತಡಿಗೆ ಎಳೆದುಕೊಡಿ ಅನ್ನುತ್ತಾರೆ ಜನ.
ಎಳೆದರೆ ಮೂಗು ಮೆಟ್ಟಿಲು ಮೆಟ್ಟಿಲು,
ಮದುಮಗನಿಗೆ ಇಟ್ಟಿಗೆಯ ಕೆನ್ನೆ.
ಇಲ್ಲದ್ದನ್ನು ಎಲ್ಲಿಂದ ತರಲಿ ಮಾರಾಯ್ರೇ
ಎಂದು ದಿನಕ್ಕೆ ನಾಲ್ಕು ಸಲ ಹೇಳುವ ನಾನು
ಗುರುವಾರ ರಾತ್ರಿ, ಶಟರು ಅರ್ಧ ಎಳೆದು,
ಇದ್ದದ್ದನ್ನು ತೋರಿಸಲಾಗದೆ ಕೂತಿದ್ದೆ.

ಆಟಕ್ಕೆಂದು ಬರೆದ ನಕ್ಷೆ. ಎಂಟು ತಿಂಗಳು.
ಆರು ಚಾರ್ಟ್ ಹಾಳೆ, ಕಪ್ಪು ಶಾಯಿ,
ಸ್ಕ್ಯಾನರಿನ ಗಾಜಿನ ಮೇಲೆ ಉಸಿರು ಬಿಗಿಹಿಡಿದು ಇಟ್ಟದ್ದು.
ನದಿಯೊಂದು, ಹೆಸರು ನಾನೇ ಕೊಟ್ಟದ್ದು,
ಅಳಿವೆಯಲ್ಲಿ ಮರಳಿನ ನಾಲಗೆ,
ಕೋಟೆಯ ಒಂದೊಂದು ಮುರಕಲ್ಲು,
ಬಂದರಿನಲ್ಲಿ ಬಂಗುಡೆ ಹರಡಿದ ಚಾಪೆ,
ಆ ಚಾಪೆಯ ಹೆಣಿಗೆ ಕೂಡ.

ಪರದೆಯಾಚೆ ಮೂವರು:
ತಲಪಾಡಿ ಬಸ್ಸಿನ ಕಂಡಕ್ಟರ್ ಐತ್ತಪ್ಪ ಬೆಳ್ಚಪ್ಪಾಡ,
ಬೇಳದ ಲವೀನಾ ಕ್ರಾಸ್ತಾ (ಅವಳ ಲ್ಯಾಪ್‌ಟಾಪಿಗೆ ಉಬ್ಬಸ),
ಕಾಸರಗೋಡಿನ ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿಯ ನಡುವೆ
ಫೋನಿನಲ್ಲೇ ಆಡುವ ಮೈಮೂನಾ.

"ಎಂತ ಕಾಣ್ತದೆ?"
"ಮಂಜು," ಎಂದಳು ಲವೀನಾ.
ಮಂಜು ನಾನಿನ್ನೂ ಹಾಕಿಯೇ ಇರಲಿಲ್ಲ.
"ಒದ್ದೆ ಹೆಬ್ಬೆಟ್ಟು," ಎಂದ ಐತ್ತಪ್ಪ.
ಮೈಮೂನಾಳಿಗೆ ಬರೇ ಬಿಳಿ, ಕೆಟ್ಟ ಎಕ್ಸ್‌ರೇ ಹಾಗೆ.

ದೊಡ್ಡದನ್ನು ಕೊಟ್ಟರೆ ಯಂತ್ರ ಬೇಡ ಅನ್ನುವುದಿಲ್ಲ.
ಮರ್ಯಾದೆಯಿಂದ ತೆಗೆದುಕೊಂಡು ಕುಗ್ಗಿಸಿಡುತ್ತದೆ,
ಕೇಳಿದಾಗ ಕುಗ್ಗಿದ್ದನ್ನೇ ಹಿಗ್ಗಿಸಿ ತೋರಿಸುತ್ತದೆ.
ಹದಿನಾರು ಸಾವಿರ ಚುಕ್ಕಿಯ ಅಗಲ
ನಾಲ್ಕು ಸಾವಿರದ ಬಾಗಿಲಲ್ಲಿ ತೂರುವಾಗ
ಮೊದಲು ಹೋಯಿತು ಚಾಪೆಯ ಹೆಣಿಗೆ,
ಆಮೇಲೆ ಬಂಗುಡೆ,
ಆಮೇಲೆ ನಾನು ನದಿಗೆ ಕೊಟ್ಟ ಹೆಸರು.

ಆ ವಾರ ನಕ್ಷೆಯನ್ನು ಕೊಯ್ದೆ.
ಅಡ್ಡ ನಾಲ್ಕು, ಉದ್ದ ನಾಲ್ಕು.
ಹಲಸು ಕೊಯ್ಯುವಾಗಿನಂತೆ ಕೈಗೆ ಎಣ್ಣೆ
ಹಚ್ಚಿಕೊಳ್ಳುವುದೊಂದು ಬಾಕಿ.
ಚೂರಿಗೆ ಚೂರು ತಾಗಿಸಿ, ಚೌಕಕ್ಕೆ ಚೌಕ ಹೊಂದಿಸಿ,
ಜಾರದ ಹಾಗೆ ಬೀಗ ಹಾಕಿ,
ಶಟರು ಎತ್ತುವಾಗ ಬೆಳಗಿನ ಪೇಪರು ಬಂದಿತ್ತು.

"ಅಯ್ಯೋ, ಬಂಗುಡೆಗೆ ಕಣ್ಣುಂಟು!"
ವಾರ್ಡು ಮಲಗಿದೆಯೆಂದು ಮೈಮೂನಾ ಪಿಸುಗುಟ್ಟಿದಳು.
ಐತ್ತಪ್ಪ ಕೋಟೆಯ ಕಲ್ಲು ಎಣಿಸತೊಡಗಿದ,
ಸೀಟು ಎಣಿಸುವ ದನಿಯಲ್ಲಿ.
ನಾನು ಕುರ್ಚಿಗೆ ಒರಗಿದೆ. ಒಂದು ನಿಮಿಷ ಇರಬಹುದು.

"ಇಲ್ಲಿ ಎಂತ ಇದು, ಗೆರೆ?"

ಏಳನೆಯ ಚೂರು ಮತ್ತು ಎಂಟನೆಯದರ ನಡುವೆ
ಕೂದಲೆಳೆಯಷ್ಟು ಕಪ್ಪು.
ಗದ್ದೆಯನ್ನು ಸೀಳಿ, ಒಂದು ಮನೆಯ ಹಿತ್ತಿಲಲ್ಲಿ ಹಾದು,
ಅಡುಗೆಕೋಣೆ ಈಚೆ, ಬಾವಿ ಆಚೆ.
"ತಪ್ಪು ಅದು. ನಾಳೆ ಸರಿ ಮಾಡ್ತೇನೆ."

ಹಿಗ್ಗಿಸಿದೆ. ಗದ್ದೆ ದೊಡ್ಡದಾಯಿತು, ಬಾವಿ ದೊಡ್ಡದಾಯಿತು,
ರಾಟೆಯ ಹಗ್ಗದ ಹುರಿ ಕಂಡಿತು.
ಗೆರೆ ಅಷ್ಟೇ ಇತ್ತು.
ಕುಗ್ಗಿಸಿದೆ. ರಾಜ್ಯವೆಲ್ಲ ಅಂಗೈಯಷ್ಟಾಯಿತು.
ಗೆರೆ ಅಷ್ಟೇ.

ದಿನಕ್ಕೆ ಎಂಟು ಸಲ ತಲಪಾಡಿಯ ಗೇಟು ನೋಡುವ ಐತ್ತಪ್ಪ
ತನ್ನ ಗೊಂಬೆಯನ್ನು ತಂದು ಅದರ ಪಕ್ಕ ನಿಲ್ಲಿಸಿದ.
"ಮುಚ್ಚಬೇಡ ಮಾರಾಯ.
ಕೊಡ ಹಿಡಿದು ಹೊರಟ ಹೆಂಗಸು
ಇದನ್ನು ಹೇಗೆ ದಾಟ್ತಾಳೆ, ಮೊದಲು ಅದು ಹೇಳು."

ಆಟ ನಡೆಸುವವ ನಾನು, ಎಲ್ಲ ಗೊತ್ತಿರಬೇಕಾದವ.
ಎಂಟು ತಿಂಗಳ ನಕ್ಷೆಯಲ್ಲಿ
ನಾನು ಬರೆಯದೆ ಬಂದದ್ದು ಇದೊಂದೇ.
"ಕೊಡ ಖಾಲಿಯೋ, ತುಂಬಿದ್ದೋ?" ಎಂದು ಕೇಳಿದೆ,
ಸುಮ್ಮನೆ, ಹೊತ್ತು ಕಳೆಯಲು.

ಮೈಮೂನಾಳ ಕಡೆ ಯಾರೋ ಬೆಲ್ ಒತ್ತಿದರು.
"ಏಳನೇ ಬೆಡ್ಡು. ಈಗ ಬಂದೆ.
ನಾನು ಬರುವವರೆಗೆ ಅವಳನ್ನು ದಾಟಿಸಬೇಡಿ."

ಕಾದೆವು.
ಲವೀನಾಳ ಲ್ಯಾಪ್‌ಟಾಪಿನ ಫ್ಯಾನು
ಏದುಸಿರು ಬಿಡುತ್ತಿತ್ತು.