ನಾಲ್ಕನೆಯ ಚಕ್ರ

ಬೈಕಂಪಾಡಿಯ ಶೆಡ್ಡಿನಲ್ಲಿ ಒಂದು ಪ್ರೆಸ್ಸು,
ಮೂವತ್ತೆರಡು ಟನ್ನು.
ಪಡು ಗೋಡೆಯಿಂದ ಮೂಡು ಗೋಡೆಗೆ
ವಾರಕ್ಕೊಮ್ಮೆ ಅದನ್ನು ನಡೆಸಬೇಕು.

ನಾಲ್ಕು ಚಕ್ರ, ತಲೆಗೆ ಎಂಟು ಟನ್ನು ಎಂದು
ಬರೆದೆ. ಅಕ್ಷರ ಚೆಂದವಿತ್ತು.
ಇದಿನಬ್ಬ ನೋಡಿ ನಕ್ಕ:
‘ಮೇಡಂ, ಯಾವ ಮಂಚ
ನಾಲ್ಕೂ ಕಾಲಲ್ಲಿ ನಿಂತದ್ದು ನೋಡಿದ್ದೀರಿ?
ಲೆಕ್ಕಕ್ಕೆ ಎರಡೇ ಇಟ್ಟುಕೊಳ್ಳಿ. ಹದಿನಾರು.’
ಅವನ ಅಜ್ಜ ತಾಳೆಯ ಕಂಬ ಉರುಳಿಸಿ
ದಕ್ಕೆಯಿಂದ ಬಾಯ್ಲರುಗಳನ್ನು ಊರೊಳಗೆ ತಂದವನು.
ಅಳಿಸಿದೆ. ಕಾಗದ ಹರಿಯಿತು.

ಮೊದಲು ಆಸೆಪಟ್ಟದ್ದು ಮಗುಚಿದ ಆಂಗಲ್‌ಗೆ:
ಮಾಡಿನ ಮೂಲೆಹಂಚಿನ ಹಾಗೆ
ಎರಡೂ ಕಡೆ ಇಳಿಜಾರು, ಕಸ ನಿಲ್ಲದು,
ವಿ ಕೊರೆದ ಚಕ್ರ ತಾನಾಗಿ ಕೂರುತ್ತದೆ.
ಗೇಟಿಗೆ ಸಾಕು. ಇದಕ್ಕೆ ಸಾಲದು.
ಹಾಗಾದರೆ ಹಳಿಯನ್ನು ನೆಲದೊಳಗೇ ಹೂಳುವ ಎಂದೆ.
ಗುಡಿಸುತ್ತಿದ್ದ ಸುಂದರಿ ಹಿಡಿಸೂಡಿ ನಿಲ್ಲಿಸಿ
‘ಆ ಸಂದಿನಿಂದ ಕಬ್ಬಿಣದ ಚೂರು ಹೆಕ್ಕುವವರು ಯಾರು?’ ಅಂದಳು.
ನನ್ನ ಕೋಷ್ಟಕದಲ್ಲಿ ಆ ಪ್ರಶ್ನೆಗೆ ಕಾಲಂ ಇರಲಿಲ್ಲ.

ಕೊನೆಗೆ ಜೋಕಟ್ಟೆಯ ಗುಜರಿಯಲ್ಲಿ
ರೈಲಿನದೇ ಹಳಿ, ಮೀಟರಿಗೆ ಐವತ್ತೆರಡು ಕಿಲೋ,
ಒಳಮಗ್ಗುಲು ಸವೆದದ್ದು.
‘ತಿರುಗಿಸಿ ಹಾಕಿ, ಇನ್ನೊಂದು ಕೆನ್ನೆ ಹೊಸತೇ ಉಂಟು’
ಅಂದ ಫೆಲಿಕ್ಸ್, ಒಂದು ರೂಪಾಯಿ ಬಿಡದೆ.

ಚಕ್ರ ಹಳಿಗಿಂತ ಗಟ್ಟಿ ಬೇಕೋ, ಮೆದು ಬೇಕೋ?
ಇಡೀ ಸಂಜೆ ಇದರಲ್ಲೇ ಹೋಯಿತು.
ಪಣಂಬೂರಿನ ಉಪ್ಪುಗಾಳಿ
ಕೊಯ್ದ ತುದಿಗೆ ಅಷ್ಟರಲ್ಲೇ ಕೆಂಪು ಹತ್ತಿಸಿತ್ತು.
ಏನಾದರೂ ಒಂದು ಸವೆಯಲೇಬೇಕು;
ಚಕ್ರವಾದರೆ ಪಿನ್ನು ಕಳಚಿ ಬದಲಿಸಬಹುದು,
ಹಳಿಯಾದರೆ ನೆಲ ಅಗೆಯಬೇಕು.
ಹಾಗಾಗಿ ಚಕ್ರ ಒಂದು ಕೂದಲು ಮೆದು.
ಫ್ಲೇಂಜಿಗೂ ಹಳಿಗೂ ನಡುವೆ ಐದು ಮಿಲ್ಲಿ ಸಡಿಲ,
ಬಿಗಿ ಮಾಡಿದರೆ ಹತ್ತಿ ಬೀಳುತ್ತದೆ.
ಲೇತಿನ ಹುಡುಗನಿಗೆ ಇದನ್ನು ಎರಡು ಸಲ ಹೇಳಿದೆ.

ಹೊರಡಿಸುವ ದಿನ
ಬಿಲ್ ಪುಸ್ತಕದ ಕಾರ್ಬನ್ ಹರಿದು
ಒಂದೊಂದು ಹಾಳೆಯ ಜೊತೆ
ಒಂದೊಂದು ಚಕ್ರದ ಮುಂದೆ ಇಟ್ಟೆವು.
ಎಂಟು ಜನ, ಒಂದು ವಿಂಚು. ಐಲೇಸಾ ಇಲ್ಲ,
ಇದಿನಬ್ಬನ ಎರಡು ಬೆರಳಿನ ಸನ್ನೆ ಮಾತ್ರ.
ಕಬ್ಬಿಣ ಒಮ್ಮೆ ಗಂಟಲು ಸರಿಮಾಡಿಕೊಂಡಿತು.
ಆಮೇಲೆ
ಸದ್ದಿಲ್ಲದೆ ಬಂತು.

ಹಾಳೆ ಎತ್ತಿ ನೋಡಿದೆ.
ಮೊದಲನೆಯದರಲ್ಲಿ ಉಗುರಿನಗಲದ ನೀಲಿ ಗೆರೆ,
ಅಷ್ಟೇ ಅಗಲದ ಮೇಲೆ ಅಷ್ಟೂ ಭಾರ.
ಎರಡನೆಯದೂ ಹಾಗೆ. ಮೂರನೆಯದು ತುಸು ಮಸುಕು.
ನಾಲ್ಕನೆಯದು ಬೆಳ್ಳಗೆ,
ಅಂಗಡಿಯಿಂದ ಈಗ ತಂದ ಹಾಗೆ.

‘ಅದು ಕೈಬೀಸಿಕೊಂಡು ಜೊತೆಗೆ ಬಂದದ್ದು’ ಅಂದ ಇದಿನಬ್ಬ.
‘ಬೈಯಬೇಡಿ. ಮಳೆಗಾಲಕ್ಕೆ ನೆಲ ಕೂತರೆ
ಹೊರುವ ಸರದಿ ಅದರದ್ದೇ.’

ಸುಂದರಿ ಆ ಬಿಳಿ ಹಾಳೆ ಕೇಳಿ ತೆಗೆದುಕೊಂಡಳು,
ಮನೆಯಲ್ಲಿ ಬೀಡಿಯ ಲೆಕ್ಕ ಬರೆಯಲಿಕ್ಕುಂಟಂತೆ.